ಹನದಾಮ ಪತ್ರವೂ ಮುತ್ತಿನ ದರ್ಜೆಯೂ

ಜಪಾನಿನಿಂದ ತಂದ ಅಕೋಯಾ (ಅಲ್ಲಿಯ ಕಡಲ ಚಿಪ್ಪುಜೀವಿಯಲ್ಲಿ ಬೆಳೆಸುವ) ಮುತ್ತಿನ ಸರವನ್ನು ಪರೀಕ್ಷೆಗೆ ತರುವವರಲ್ಲಿ ಹೆಚ್ಚಿನವರು ಸರವನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಅದರೊಂದಿಗೆ ಬಂದ ಪ್ರಮಾಣಪತ್ರವನ್ನು ಮೊದಲು ಮೇಜಿನ ಮೇಲೆ ಹರಡುತ್ತಾರೆ. ಅದರಲ್ಲಿ 'ಹನದಾಮ' ಎಂದು ಬರೆದಿರುವುದನ್ನು ಬೆರಳಿಟ್ಟು ತೋರಿಸಿ, ಇದು ಜಪಾನ್ ಸರ್ಕಾರವೇ ಒಪ್ಪಿದ ಮೊದಲ ದರ್ಜೆಯಾದ್ದರಿಂದ ಬೆಲೆಯನ್ನಷ್ಟೇ ಬರೆದುಕೊಟ್ಟರೆ ಸಾಕು ಎನ್ನುತ್ತಾರೆ. ಈ ಮಾತನ್ನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಹನದಾಮ ಎಂಬುದು ಸರ್ಕಾರ ಕೊಡುವ ದರ್ಜೆಯಲ್ಲ. ಖಾಸಗಿ ಪ್ರಯೋಗಾಲಯಗಳು ತಾವೇ ಗೊತ್ತುಮಾಡಿಕೊಂಡ ಅಳತೆಗಳಂತೆ ಅದನ್ನು ಕೊಡುತ್ತವೆ, ಮತ್ತು ಆ ಅಳತೆಗಳು ಎಲ್ಲ ಪ್ರಯೋಗಾಲಯಗಳಲ್ಲೂ ಒಂದೇ ಆಗಿರುವುದಿಲ್ಲ.

ಈ ತಪ್ಪುಕಲ್ಪನೆಗೆ ಒಂದು ಚಾರಿತ್ರಿಕ ಕಾರಣವಿದೆಯೆಂದು ನನಗನ್ನಿಸುತ್ತದೆ. ಜಪಾನಿನ ಮುತ್ತು ಕೃಷಿಕ ಕೊಕಿಚಿ ಮಿಕಿಮೊಟೊ 1893ರಲ್ಲಿ, ಚಿಪ್ಪುಜೀವಿಯೊಳಗೆ ಬೀಜವಾಗಿ ಮಣಿಯಿಟ್ಟು ಬೆಳೆಸಿದ ಅರ್ಧಗೋಳದ ಕೃಷಿ ಮುತ್ತನ್ನು ಪಡೆದ ಮೇಲೆ, ದುಂಡು ಮುತ್ತುಗಳು ಯುರೋಪಿನ ಮಾರುಕಟ್ಟೆಯನ್ನು ತಲುಪಿದಾಗ, 1921ರಲ್ಲಿ ಅಲ್ಲಿಯ ವ್ಯಾಪಾರಿಗಳು ಅವನ್ನು ನಕಲಿಯೆಂದು ಜರೆದರು. ಅಂದಿನಿಂದ ಜಪಾನಿನ ಮುತ್ತು ಉದ್ಯಮಕ್ಕೆ ತನ್ನ ಮರ್ಯಾದೆಯ ಚಿಂತೆ ತಪ್ಪಲಿಲ್ಲ. 1930ರ ದಶಕದ ಆರಂಭದಲ್ಲಿ ಮಿಕಿಮೊಟೊ ಕೋಬೆ ನಗರದಲ್ಲಿ ಕಳಪೆ ಮುತ್ತುಗಳ ರಾಶಿಯನ್ನು ಎಲ್ಲರೆದುರು ಬೆಂಕಿಗೆ ಹಾಕಿದ್ದು ಆ ಚಿಂತೆಯಿಂದಲೇ. ಯುದ್ಧಾನಂತರ, 1952ರ ಕಾನೂನಿನ ಪ್ರಕಾರ, ರಫ್ತಾಗುವ ಮುತ್ತುಗಳನ್ನು ಸರ್ಕಾರಿ ಪರೀಕ್ಷಕರೇ ನೋಡಿ ಬಿಡತೊಡಗಿದರು, ಮತ್ತು ಈ ವ್ಯವಸ್ಥೆ 1998ರ ಕೊನೆಯವರೆಗೆ ನಡೆಯಿತು. ಆದರೆ ಆ ಪರೀಕ್ಷಕರು ತೀರ ಕಳಪೆ ಮಾಲು ಹೊರಹೋಗದಂತೆ ತಡೆಯುತ್ತಿದ್ದರೇ ಹೊರತು ಒಳ್ಳೆಯ ಮುತ್ತುಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೇಳುತ್ತಿರಲಿಲ್ಲ. ಸರ್ಕಾರ ಕೈಬಿಟ್ಟ ಮೇಲೆ ಕೊಳ್ಳುವವರು ಭರವಸೆಗಾಗಿ ಪ್ರಯೋಗಾಲಯಗಳತ್ತ ನೋಡುವುದು ಹೆಚ್ಚಾಯಿತು, ಹಳೆಯ ಸರ್ಕಾರಿ ಮುದ್ರೆಯ ನೆನಪು ಮಾತ್ರ ಉಳಿಯಿತು.

ಈ ಪ್ರಯೋಗಾಲಯಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಟೋಕಿಯೊದ ಪರ್ಲ್ ಸೈನ್ಸ್ ಲ್ಯಾಬೊರೇಟರಿ. ಮುತ್ತು ವಿಜ್ಞಾನಿ ಹಿರೋಶಿ ಕೊಮಾತ್ಸು ಅವರ ಮುಂದಾಳತ್ವದಲ್ಲಿ ಬೆಳೆದ ಈ ಸಂಸ್ಥೆಯನ್ನು ನಾನು ಗೌರವಿಸುತ್ತೇನೆ. ಹೊಳಪನ್ನು ಬರಿಯ ಕಣ್ಣಂದಾಜಿಗೆ ಬಿಡದೆ ಬೆಳಕಿನ ವರ್ತನೆಯಾಗಿ ಪರೀಕ್ಷಿಸುವ ಕ್ರಮವನ್ನು ಅದು ರೂಢಿಸಿತು. ವಿಶೇಷ ಬೆಳಕಿನ ಕೆಳಗೆ ಮುತ್ತಿನ ಮೈಯಲ್ಲಿ ಮೂಡುವ ಗುಲಾಬಿ ಮತ್ತು ಹಸಿರು ಛಾಯೆಯನ್ನು 'ಅರೋರಾ' ಎಂದು ಕರೆದು, ಅದರ ಚಿತ್ರವನ್ನು ಪತ್ರದಲ್ಲೇ ಅಚ್ಚು ಹಾಕುತ್ತಾರೆ. ಅಲ್ಲಿ ಹನದಾಮ ಎನಿಸಿಕೊಳ್ಳಲು ಬೀಜದ ಸುತ್ತಲಿನ ಮುತ್ತಿನ ಪದರ ಕನಿಷ್ಠ 0.4 ಮಿಲಿಮೀಟರ್ ಇರಬೇಕು, ಮೈಯಲ್ಲಿ ಕಲೆ, ಗುಳಿಗಳು ತೀರ ಕಡಿಮೆಯಿರಬೇಕು. ಅಂದರೆ 8 ಮಿಲಿಮೀಟರಿನ ಮುತ್ತಿನಲ್ಲಿ 7.2 ಮಿಲಿಮೀಟರಿನಷ್ಟು ಸಿಹಿನೀರ ಚಿಪ್ಪಿನಿಂದ ಕೊರೆದ ಬೀಜವೇ ಇದ್ದರೂ ಅದು ಈ ಷರತ್ತನ್ನು ಪೂರೈಸುತ್ತದೆ. ಇದನ್ನು ಕೇಳಿ ಹಲವರ ಮುಖ ಬಾಡುತ್ತದೆ, ಆದರೆ ಅಷ್ಟು ಪದರದಲ್ಲೇ ಕೂದಲಿಗಿಂತ ಎಷ್ಟೋ ತೆಳುವಾದ ಹರಳಿನ ಹಾಳೆಗಳು ಸಾವಿರದಷ್ಟು ಒಂದರ ಮೇಲೊಂದು ಪೇರಿರುತ್ತವೆ.

ಪದರದ ದಪ್ಪ ಬೇರೆ, ಹೊಳಪು ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ನೀರು ಬೆಚ್ಚಗಿರುವಾಗ ಚಿಪ್ಪುಜೀವಿ ಬೇಗ ಬೇಗ ಪದರ ಕಟ್ಟುತ್ತದೆ; ಚಳಿಗಾಲದಲ್ಲಿ ನಿಧಾನವಾಗಿ, ತೆಳುವಾಗಿ, ಒಪ್ಪವಾಗಿ ಕಟ್ಟುತ್ತದೆ. ಮಿಯೆ, ಎಹಿಮೆ, ನಾಗಸಾಕಿ ಪ್ರಾಂತಗಳ ಕೃಷಿಕರು ಡಿಸೆಂಬರ್, ಜನವರಿಯವರೆಗೆ ಕಾದು ಮುತ್ತು ತೆಗೆಯುವುದು ಆ ಕೊನೆಯ ಪದರಗಳಿಗಾಗಿ.

ಜಪಾನಿನಲ್ಲಿ ಕೆಲಸದಲ್ಲಿದ್ದ ಒಬ್ಬರು ತಾಯಿಗೊಂದು, ಹೆಂಡತಿಗೊಂದು ಸರ ತಂದಿದ್ದರು. ಎರಡಕ್ಕೂ ಹನದಾಮ ಪತ್ರವಿತ್ತು, ಕೊಟ್ಟ ಪ್ರಯೋಗಾಲಯಗಳು ಮಾತ್ರ ಬೇರೆ ಬೇರೆ, ಬೆಲೆಯಲ್ಲೂ ಬಹಳ ಅಂತರ. "ನಂದು ಎರಡನೇ ದರ್ಜೇದಾ, ಸರ್? ಇದ್ದದ್ದು ಇದ್ದ ಹಾಗೆ ಹೇಳಿಬಿಡಿ," ಎಂದು ಆ ತಾಯಿ ಕೇಳಿದಾಗ ಮಗ ತಲೆತಗ್ಗಿಸಿದರು. ಲೂಪ್ (ಆಭರಣ ಪರೀಕ್ಷಕರ ಭೂತಗನ್ನಡಿ) ಹಿಡಿದು ದಾರದ ತೂತಿನ ಅಂಚನ್ನು ನೋಡಿದರೆ ಬೀಜ ಮುಗಿದು ಪದರ ಶುರುವಾಗುವ ಗೆರೆ ಕಾಣುತ್ತದೆ. ಸೊಸೆಯ ಸರದಲ್ಲಿ ಪದರ ದಪ್ಪವಿತ್ತು. ತಾಯಿಯ ಸರದಲ್ಲಿ ಸ್ವಲ್ಪ ತೆಳು, ಆದರೆ ಕಿಟಕಿಯ ಸರಳುಗಳ ಪ್ರತಿಬಿಂಬ ಒಂದೊಂದು ಮುತ್ತಿನಲ್ಲೂ ಅಂಚು ಚದುರದೆ ಮೂಡುತ್ತಿತ್ತು. ಎರಡು ಪತ್ರಗಳೂ ಸುಳ್ಳು ಹೇಳಿರಲಿಲ್ಲ. ಎರಡು ಬೇರೆ ಬೋರ್ಡುಗಳ ಅಂಕಪಟ್ಟಿಯಲ್ಲಿ ಒಂದೇ ಶೇಕಡಾವಾರು ಬಂದಿದ್ದರೆ ಇಬ್ಬರು ಮಕ್ಕಳೂ ಒಂದೇ ಪ್ರಶ್ನೆಪತ್ರಿಕೆ ಬರೆದರೆಂದು ನಾವು ತಿಳಿಯುವುದಿಲ್ಲವಲ್ಲ. ಹಾಗೆಯೇ ಪತ್ರದಲ್ಲಿ ಹನದಾಮ ಎಂಬ ಹೆಸರಿಗಿಂತ ಮೊದಲು ಓದಬೇಕಾದದ್ದು ಅದನ್ನು ಕೊಟ್ಟವರು ಯಾರು, ಪದರದ ದಪ್ಪವನ್ನು ಅಂಕಿಯಲ್ಲಿ ಕೊಟ್ಟಿದ್ದಾರೆಯೇ, ಬಣ್ಣ ಸಹಜವೋ ಸಂಸ್ಕರಿಸಿದ್ದೋ ಎಂಬುದನ್ನು ತಿಳಿಸಿದ್ದಾರೆಯೇ ಎಂಬುದನ್ನು. ಬಿಳಿ ಅಕೋಯಾ ಮುತ್ತುಗಳನ್ನು ಸಾಮಾನ್ಯವಾಗಿ ಬಿಳುಪುಗೊಳಿಸಿ, ಅನೇಕ ವೇಳೆ ನಸುಗುಲಾಬಿ ಛಾಯೆಯನ್ನೂ ಕೊಟ್ಟಿರುತ್ತಾರೆ, ಮತ್ತು ಅದು ಆ ಉದ್ಯಮದಲ್ಲಿ ಒಪ್ಪಿತವಾದ ಪದ್ಧತಿ.

ಇನ್ನೊಂದು ಎಚ್ಚರಿಕೆಯ ಮಾತು. ಪತ್ರ ಹೇಳುವುದು ಪರೀಕ್ಷೆಯ ದಿನದ ಸ್ಥಿತಿಯನ್ನು. ಮೈಬೆವರು, ಸುಗಂಧದ್ರವ್ಯ, ಹೇರ್ ಸ್ಪ್ರೇ ಇವೆಲ್ಲ ಮುತ್ತಿನ ಮೈಯನ್ನು ತಿನ್ನುತ್ತವೆ. ದಾರ ಬದಲಿಸುವಾಗ ಒಂದೆರಡು ಮುತ್ತು ಅದಲುಬದಲಾದರೂ ಪತ್ರ ಹಾಗೆಯೇ ಇರುತ್ತದೆ. ವರ್ಷಗಟ್ಟಲೆ ಧರಿಸಿದ ಸರವನ್ನು ನೋಡದೆ, ಹಳೆಯ ಪತ್ರವನ್ನಷ್ಟೇ ಓದಿ ನಾನು ಅಭಿಪ್ರಾಯ ಬರೆದುಕೊಡಲಾರೆ. ವಿಮೆಗಾಗಿ ಮೌಲ್ಯಮಾಪನ ಬೇಕಾದವರು ಸರ ಮತ್ತು ಪತ್ರದ ಜೊತೆಗೆ ಅಂಗಡಿಯ ರಸೀದಿಯನ್ನೂ ತರಬೇಕು, ದಾರ ಬದಲಿಸಿದ್ದರೆ ಎಲ್ಲಿ, ಯಾವಾಗ ಎಂಬುದನ್ನು ಹೇಳಬೇಕು. ಮುತ್ತಿನ ಬೆಲೆ ಊರಿಂದೂರಿಗೆ, ಅಂಗಡಿಯಿಂದಂಗಡಿಗೆ ಬದಲಾಗುವುದರಿಂದ ನನ್ನ ವರದಿಯಲ್ಲಿ ಬೆಲೆಯ ಪಕ್ಕದಲ್ಲಿ ಯಾವ ಊರಿನ, ಯಾವ ತಿಂಗಳ ಚಿಲ್ಲರೆ ದರ ಎಂಬುದನ್ನು ತಪ್ಪದೆ ನಮೂದಿಸುತ್ತೇನೆ. ಆ ಎರಡು ವಿವರಗಳನ್ನು ತೆಗೆದು ಮೊತ್ತವನ್ನಷ್ಟೇ ಬರೆದುಕೊಡಿ ಎಂದು ದಯವಿಟ್ಟು ಕೇಳಬೇಡಿ.