ಮುಟ್ಟು ನಿಂತ ಮೇಲೆ ಮೂಳೆ ಉಳಿಸಿಕೊಳ್ಳಲು ರಾಗಿ ಮುದ್ದೆ, ನಡಿಗೆ ಸಾಕೆ?

ಪ್ರಶ್ನೆ: ನನಗೆ 54 ವರ್ಷ. ಮುಟ್ಟು ನಿಂತು ಐದು ವರ್ಷಗಳಾದವು. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 1.8 ಬಂದಿದೆ. ಮಾತ್ರೆ ನುಂಗುವ ಮನಸ್ಸಿಲ್ಲ. ದಿನವೂ ಮುದ್ದೆ ಉಣ್ಣುತ್ತೇನೆ, ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯುತ್ತೇನೆ. ಇಷ್ಟು ಸಾಲದೇ?

ಉತ್ತರ: ಸಾಲದು, ಆದರೆ ನೀವು ಹಿಡಿದಿರುವ ದಾರಿ ತಪ್ಪಲ್ಲ. ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದರೆ ನಿಮ್ಮ ಮೂಳೆ ಸಾಂದ್ರತೆ ಎಷ್ಟು ಕಡಿಮೆ ಎಂಬುದನ್ನು ಟಿ-ಸ್ಕೋರ್ ಹೇಳುತ್ತದೆ. ಅದು ಮೈನಸ್ 1 ಮತ್ತು ಮೈನಸ್ 2.5ರ ನಡುವೆ ಇದ್ದರೆ ಆಸ್ಟಿಯೊಪೀನಿಯ (ಸಾಂದ್ರತೆ ತಗ್ಗಿದ ಸ್ಥಿತಿ) ಎನ್ನುತ್ತಾರೆ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿಳಿದರೆ ಆಸ್ಟಿಯೊಪೊರೊಸಿಸ್, ಅಂದರೆ ಮೂಳೆ ಸುಲಭವಾಗಿ ಮುರಿಯುವಷ್ಟು ದುರ್ಬಲವಾದ ಸ್ಥಿತಿ. ಮಂಡಿನೋವಿಗೂ ನಾವು 'ಮೂಳೆ ಸವೆತ' ಎಂದೇ ಹೇಳುವುದರಿಂದ ಎರಡನ್ನೂ ಒಂದೆಂದು ತಿಳಿಯುವವರು ಬಹಳ. ಮಂಡಿಯಲ್ಲಿ ಸವೆಯುವುದು ಕೀಲಿನ ಮೆದುಮೂಳೆ, ಅದು ನೋಯುತ್ತದೆ. ಇಲ್ಲಿ ಮೂಳೆಯೇ ಒಳಗಿನಿಂದ ಟೊಳ್ಳಾಗುತ್ತದೆ, ಮುರಿಯುವವರೆಗೂ ಸಾಮಾನ್ಯವಾಗಿ ನೋವಿರುವುದಿಲ್ಲ.

ನಮ್ಮ ಮೂಳೆಯನ್ನು ಒಂದು ಬಗೆಯ ಕೋಶಗಳು ಕರಗಿಸುತ್ತಿದ್ದರೆ ಇನ್ನೊಂದು ಬಗೆಯವು ಕಟ್ಟುತ್ತಿರುತ್ತವೆ. ಕರಗಿಸುವ ಕೋಶಗಳಿಗೆ ಕಡಿವಾಣ ಹಾಕಿದ್ದ ಈಸ್ಟ್ರೊಜೆನ್ ಮುಟ್ಟು ನಿಲ್ಲುವ ಹೊತ್ತಿಗೆ ಇಳಿದುಹೋಗುವುದರಿಂದ, ಮೊದಲ ಐದಾರು ವರ್ಷಗಳಲ್ಲಿ ನಷ್ಟ ಅತ್ಯಂತ ವೇಗವಾಗಿರುತ್ತದೆ. ಆಹಾರ ಈ ಹಾರ್ಮೋನಿನ ಜಾಗ ತುಂಬಲಾರದು. ಅದು ಮೂಳೆ ಕಟ್ಟಲು ಬೇಕಾದ ಸಾಮಗ್ರಿಯನ್ನು ಒದಗಿಸುತ್ತದೆ, ಅಷ್ಟೆ.

ಆ ಸಾಮಗ್ರಿಯ ಲೆಕ್ಕ ಹೀಗಿದೆ. ಮುಟ್ಟು ನಿಂತವರಿಗೆ ದಿನಕ್ಕೆ ಸುಮಾರು 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆಯಾದರೂ, ಅದರಲ್ಲಿರುವ ಫೈಟೇಟ್ ಒಂದು ಪಾಲನ್ನು ದಕ್ಕಲು ಬಿಡುವುದಿಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಹುರಿಹಿಟ್ಟು ಮಾಡುವುದು, ಅಂಬಲಿಯನ್ನು ಹುಳಿ ಬರಿಸುವುದು ರುಚಿಗಾಗಿ ಮಾತ್ರವಲ್ಲ, ಫೈಟೇಟ್ ತಗ್ಗಿಸುವುದಕ್ಕೂ ಒದಗುತ್ತದೆ. ಜೊತೆಗೆ ಎರಡು ಲೋಟ ಹಾಲು ಅಥವಾ ಮೊಸರು, ನುಗ್ಗೆಸೊಪ್ಪು, ಒಂದು ಚಮಚ ಎಳ್ಳು ಇರಲಿ. ಪಾಲಕ್ ಸೊಪ್ಪನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ. ಅದರ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಬಿಟ್ಟುಕೊಡುವುದಿಲ್ಲ. ಬೇಳೆ, ಕಾಳು, ಮೊಟ್ಟೆಗಳ ಪ್ರೋಟೀನೂ ಮೂಳೆಗೆ ಬೇಕು. ವಿಟಮಿನ್ ಡಿ ಕಡಿಮೆಯಿದೆಯೇ ಎಂದು ರಕ್ತಪರೀಕ್ಷೆಯಿಂದ ತಿಳಿದುಕೊಳ್ಳಿ. ವೈದ್ಯರು ಎಂಟು ವಾರಕ್ಕೆಂದು ಬರೆದುಕೊಟ್ಟ 60,000 ಯೂನಿಟ್‌ನ ಪೊಟ್ಟಣವನ್ನು ವರ್ಷವಿಡೀ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿ ಅಪಾಯವಾಗಬಹುದು.

ಇನ್ನು ನಡಿಗೆ. ಅದು ಹೃದಯಕ್ಕೆ ಒಳ್ಳೆಯದು, ಆದರೆ ಅಭ್ಯಾಸವಾಗಿರುವ ಭಾರಕ್ಕೆ ಮೂಳೆ ಹೊಸದಾಗಿ ಸ್ಪಂದಿಸುವುದಿಲ್ಲ, ಅದರಲ್ಲೂ ಬೆನ್ನುಮೂಳೆಗೆ ನಡಿಗೆಯಿಂದ ಸಿಗುವ ಲಾಭ ಬಹಳ ಅಲ್ಪ. ಆಸ್ಟ್ರೇಲಿಯಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೂಳೆ ಸಾಂದ್ರತೆ ಕಡಿಮೆಯಿದ್ದ ಮಹಿಳೆಯರು ತರಬೇತುದಾರರ ಕಣ್ಗಾವಲಿನಲ್ಲಿ ವಾರಕ್ಕೆರಡು ಬಾರಿ, ಅರ್ಧ ಗಂಟೆಯಂತೆ ಎಂಟು ತಿಂಗಳು ಭಾರ ಎತ್ತಿದರು. ಅವರ ಸೊಂಟಭಾಗದ ಬೆನ್ನುಮೂಳೆಯ ಸಾಂದ್ರತೆ ಸರಾಸರಿ 2.9% ಹೆಚ್ಚಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು 1.2% ಇಳಿಯಿತು. ಈ ವಯಸ್ಸಿನಲ್ಲಿ ಭಾರ ಎತ್ತಬಾರದೆಂಬ ನಮ್ಮ ಮನೆಗಳ ಉಪದೇಶವನ್ನು ನಾನು ಒಪ್ಪದಿರುವುದು ಇದಕ್ಕೇ. ಹಾಗೆಂದು ನಾಳೆಯೇ ಅಕ್ಕಿಮೂಟೆ ಎತ್ತಲು ಹೋಗಬೇಡಿ. ಕುರ್ಚಿಯಿಂದ ಕೈಯೂರದೆ ಏಳುವುದು, ಮೆಟ್ಟಿಲು ಹತ್ತುವುದರಿಂದ ತೊಡಗಿ, ಫಿಸಿಯೊಥೆರಪಿಸ್ಟ್ ಬಳಿ ಕಲಿತು ಭಾರವನ್ನು ಮೆಲ್ಲಗೆ ಏರಿಸಿ. ಮೂಳೆ ಹೆಚ್ಚು ದುರ್ಬಲವಾಗಿದ್ದರೆ ಪಶ್ಚಿಮೋತ್ತಾನಾಸನದಂತೆ ಬೆನ್ನು ಬಾಗಿಸಿ ಮುಂದಕ್ಕೆ ಮಡಿಸುವ ಆಸನಗಳು ಬೇಡ, ಕಶೇರುಖಂಡ (ಬೆನ್ನುಮೂಳೆಯ ಬಿಡಿ ಮಣಿ) ಕುಸಿಯಬಹುದು.

ಮುರಿತಕ್ಕೆ ಎಷ್ಟೋ ವೇಳೆ ಬಚ್ಚಲೇ ನೆಪ. ಜಾರದ ಚಾಪೆ, ಗೋಡೆಗೊಂದು ಹಿಡಿಕೆ, ರಾತ್ರಿ ಉರಿಯುವ ಸಣ್ಣ ದೀಪ ಇವುಗಳಿಗೆ ಆಗುವ ಖರ್ಚು ಬಹಳವಲ್ಲ.

ಮಾತ್ರೆ ಬೇಡವೆಂಬ ನಿಮ್ಮ ನಿಲುವು ಮೈನಸ್ 1.8ರಲ್ಲಿ ಸಾಧ್ಯವಾದೀತು, ಆದರೆ ಅದು ಆ ಸಂಖ್ಯೆಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದಿದ್ದರೆ, ತಂದೆ ಅಥವಾ ತಾಯಿಗೆ ಸೊಂಟದ ಮೂಳೆ ಮುರಿದಿದ್ದರೆ, ಸ್ಟೀರಾಯ್ಡ್ ದೀರ್ಘಕಾಲ ತೆಗೆದುಕೊಂಡಿದ್ದರೆ ಅಥವಾ ಎತ್ತರವೇ ಕುಗ್ಗಿದ್ದರೆ ವೈದ್ಯರಿಗೆ ತಿಳಿಸಿ. ಆಗ ಔಷಧ ಬೇಕಾಗಬಹುದು. ಇವು ಯಾವುವೂ ಇಲ್ಲದಿದ್ದರೆ, ಒಂದೆರಡು ವರ್ಷಗಳ ನಂತರ ಸಾಧ್ಯವಾದಷ್ಟೂ ಅದೇ ಯಂತ್ರದಲ್ಲಿ ಡೆಕ್ಸಾ ಮಾಡಿಸಿ, ಏಕೆಂದರೆ ಬೇರೆ ಬೇರೆ ಯಂತ್ರಗಳ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು.