ಮ್ಯಾಟ್‌ಲ್ಯಾಬ್‌ನಲ್ಲಿ ‘ಇನ್‌ಲೈನ್’ ಹೋಗಿ ‘@’ ಬಂದದ್ದು ಯಾಕೆ?

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಗೆ ಸಿಗುವ ಹಳೆಯ ಮ್ಯಾಟ್‌ಲ್ಯಾಬ್ (ಗಣಿತದ ಲೆಕ್ಕ ಮಾಡುವ ಸಾಫ್ಟ್‌ವೇರ್) ಪ್ರೋಗ್ರಾಮ್‌ಗಳಲ್ಲಿ, ಸೂತ್ರವನ್ನು ಫಂಕ್ಷನ್ ಆಗಿಸುವ ‘ಇನ್‌ಲೈನ್’ ಎಂಬ ಆದೇಶ ಈಗಲೂ ಕಾಣಿಸುತ್ತದೆ. ಅದನ್ನು ಬಳಸಬೇಡಿ ಎಂದು ಮ್ಯಾಟ್‌ಲ್ಯಾಬ್‌ನ ಕೈಪಿಡಿಯೇ ಹೇಳುತ್ತದೆ. ಸರಿಯಾಗಿ ಓಡ್ತಿರೋ ಕೋಡನ್ನು ಯಾಕೆ ಮುಟ್ಟಬೇಕು ಅನ್ನುವವರೂ ಇದ್ದಾರೆ. ಆದರೆ ಓಡುವುದು ಬೇರೆ, ಸರಿಯಾದ ಉತ್ತರ ಕೊಡುವುದು ಬೇರೆ.

ಡಿಫರೆನ್ಷಿಯಲ್ ಸಮೀಕರಣ ಬಿಡಿಸುವ ‘ಓಡಿಇ45’ಗೆ ನಮ್ಮ ಸಮೀಕರಣ ಪದೇ ಪದೇ ಬೇಕು. ಒಂದೊಂದು ಹೆಜ್ಜೆಗೂ ಸುಮಾರು 6 ಸಲ ಅದನ್ನು ಲೆಕ್ಕ ಹಾಕಿಸುತ್ತದೆ. ಮೊದಲೆಲ್ಲ ಸಮೀಕರಣವನ್ನು ಬೇರೆ ಫೈಲ್‌ನಲ್ಲಿ ಬರೆದು, ಆ ಫೈಲಿನ ಹೆಸರನ್ನು ಕೋಟ್ಸ್ ಒಳಗೆ ಕೊಡಬೇಕಿತ್ತು. ಎರಡೇ ಪದಗಳ ಸಮೀಕರಣಕ್ಕೂ ಒಂದು ಫೈಲ್! ಅದರೊಳಗಿನ ಸ್ಥಿರಾಂಕ ಬದಲಿಸಲು ಗ್ಲೋಬಲ್ ವೇರಿಯಬಲ್ (ಬೇರೆ ಬೇರೆ ಫೈಲ್‌ಗಳು ಹಂಚಿಕೊಳ್ಳುವ ವೇರಿಯಬಲ್) ಇಡುವುದು ರೂಢಿಯಾಗಿತ್ತು.

ಈ ತೊಂದರೆ ಕಡಿಮೆ ಮಾಡಿದ್ದೇ ಇನ್‌ಲೈನ್. ಸಮೀಕರಣವನ್ನು ಸುಮ್ನೆ ಕೋಟ್ಸ್ ಒಳಗೆ ಬರೆದರೆ ಸಾಕು, ಫಂಕ್ಷನ್ ಸಿದ್ಧ. ಅಪಾಯವೂ ಅಲ್ಲೇ ಇತ್ತು. ಕೋಟ್ಸ್ ಒಳಗಿರುವುದು ಬರೀ ಅಕ್ಷರಗಳ ಸಾಲು. ಯಾವುದು ವೇರಿಯಬಲ್, ಯಾವುದು ಸ್ಥಿರಾಂಕ ಎಂದು ಅದಕ್ಕೆ ತಿಳಿಯುವುದಿಲ್ಲ.

85 ಡಿಗ್ರಿಯ ಕಾಫಿ 25 ಡಿಗ್ರಿಯ ಕೋಣೆಯಲ್ಲಿ ಆರುವುದನ್ನು ತೆಗೆದುಕೊಳ್ಳಿ. ‘ವೈ’ ಎಂದರೆ ಕಾಫಿಯ ಉಷ್ಣತೆ, ‘ಕೆ’ ಎಂದರೆ ಅದು ಎಷ್ಟು ಬೇಗ ಆರುತ್ತದೆ ಎಂದು ಹೇಳುವ ಸ್ಥಿರಾಂಕ. ‘ಕೆ’ ಬೆಲೆ ನಿಮಿಷಕ್ಕೆ 0.1 ಇರಲಿ. ಇನ್‌ಲೈನ್ ಒಳಗೆ ‘-ಕೆ*(ವೈ-25)’ ಎಂದಷ್ಟೇ ಬರೆದರೆ, ಅದು ಅಕ್ಷರಗಳನ್ನು ಹುಡುಕಿ ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಜೋಡಿಸುತ್ತದೆ: ಮೊದಲು ಕೆ, ಆಮೇಲೆ ವೈ. ಓಡಿಇ45 ಕಳಿಸುವುದು ಮೊದಲು ಸಮಯ (ಟಿ), ಆಮೇಲೆ ವೈ. ಹಾಗಾಗಿ ಸಮಯವೇ ಕೆ ಜಾಗಕ್ಕೆ ಹೋಗಿ ಕೂರುತ್ತದೆ! ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. 4 ನಿಮಿಷಕ್ಕೆ ಸುಮಾರು 65 ಡಿಗ್ರಿ ಇರಬೇಕಾದ ಕಾಫಿ 25ಕ್ಕೆ ಇಳಿದಿರುತ್ತದೆ. ಗ್ರಾಫ್ ಮಾತ್ರ ಆರುವ ಕಾಫಿಯಂತೆಯೇ ಕಾಣುತ್ತದೆ. ಇದನ್ನು ಹಿಡಿಯುವುದು ಕಷ್ಟ ಅಲ್ವಾ?

2000ದಲ್ಲಿ ಬಂದ ಮ್ಯಾಟ್‌ಲ್ಯಾಬ್ 6, @ ಚಿಹ್ನೆಯ ಫಂಕ್ಷನ್ ಹ್ಯಾಂಡಲ್ ತಂದಿತು. ಕೋಟ್ಸ್ ಒಳಗಿನ ಹೆಸರಿನ ಬದಲು ಫಂಕ್ಷನ್ನನ್ನೇ ಕೈಗಿಡುವ ದಾರಿ ಅದು. 2004ರ ಮ್ಯಾಟ್‌ಲ್ಯಾಬ್ 7ರಲ್ಲಿ ಹೆಸರಿಲ್ಲದ ಫಂಕ್ಷನ್ ಬಂತು. ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಇದೇ. ಈಗ ‘@(ಟಿ,ವೈ) -ಕೆ*(ವೈ-25)’ ಎಂದು ಬರೆಯುತ್ತೇವೆ. ಏನೇನು ಒಳಗೆ ಬರುತ್ತದೆ, ಯಾವ ಕ್ರಮದಲ್ಲಿ ಎಂಬುದನ್ನು ನಾವೇ ಹೇಳುತ್ತೇವೆ. ಆ ಪಟ್ಟಿಯಲ್ಲಿ ಇಲ್ಲದ ಕೆಯನ್ನು ಅದು ಹೊರಗಿನಿಂದ ತೆಗೆದುಕೊಳ್ಳುತ್ತದೆ. ಗ್ಲೋಬಲ್ ಬೇಡ, ಬೇರೆ ಫೈಲೂ ಬೇಡ.

ಹಳೆಯ ಕೋಡ್ ತಿದ್ದುವವರು ಒಂದು ವಿಷಯ ಗಮನಿಸಲೇಬೇಕು. @ ಸಾಲು ಬರೆದ ಗಳಿಗೆಯಲ್ಲಿ ಕೆ ಎಷ್ಟಿತ್ತೋ ಅದೇ ಬೆಲೆ ಒಳಗೆ ಉಳಿಯುತ್ತದೆ. ಕೆಳಗೆಲ್ಲೋ ಕೆಯನ್ನು 0.2 ಮಾಡಿದರೆ ಫಂಕ್ಷನ್ ಬದಲಾಗುವುದಿಲ್ಲ. ಬೇರೆ ಬೇರೆ ಕೆಗಳಿಗೆ ಲೂಪ್ ಓಡಿಸುವಾಗ @ ಸಾಲು ಲೂಪಿನ ಒಳಗೇ ಇರಬೇಕು.

ಸೂತ್ರರೂಪದಲ್ಲಿ ಉತ್ತರ ಕೊಡುವ ‘ಡಿಸಾಲ್ವ್’ ಕೂಡ ಇದೇ ದಾರಿ ಹಿಡಿದಿದೆ. ಮೊದಲು ಕೋಟ್ಸ್ ಒಳಗೆ ‘ಡಿವೈ’ ಎಂದರೆ ವೈಯ ಡೆರಿವೇಟಿವ್ ಆಗುತ್ತಿತ್ತು. ಈಗ ವೈ ಎಂಬುದು ಟಿಯ ಫಂಕ್ಷನ್ ಎಂದು ‘ಸಿಮ್ಸ್’ ಎಂಬ ಆದೇಶದಲ್ಲಿ ಮೊದಲೇ ಹೇಳಿ, ಡೆರಿವೇಟಿವ್‌ಗೆ ‘ಡಿಫ್’ ಬಳಸಿ, ಎರಡು ಸಮ ಚಿಹ್ನೆ (==) ಹಾಕಿ ಸಮೀಕರಣ ಬರೆಯಬೇಕು.