ಡ್ರಾಯಿಂಗ್ ಪೀರಿಯಡ್‌ಗೆ ಕಲಾವಿದರ ಪಟ್ಟು: ಬಿ.ಎಡ್. ಗೆಳೆಯರಿಗೆ ನನ್ನ ಟಿಪ್ಪಣಿ

ಟೀಚಿಂಗ್ ಪ್ರಾಕ್ಟೀಸ್‌ಗೆ ಹೋಗುವಾಗ ಲೆಸನ್ ಪ್ಲಾನಲ್ಲಿ "ಕಲಾವಿದರಿಂದ ಪ್ರೇರಿತ ಚಟುವಟಿಕೆ" ಅಂತ ಒಂದಾದ್ರೂ ಬರೀಬೇಕಾಗ್ತದೆ, ಆಗ ನಾವು ಹೆಚ್ಚಿನವರು ಮಾಡುದು ಒಂದೇ, ವ್ಯಾನ್ ಗೋ 1889ರಲ್ಲಿ ಬಿಡಿಸಿದ ಆ ನಕ್ಷತ್ರದ ರಾತ್ರಿಯ ಪ್ರಿಂಟ್ ತೆಗ್ದು ಬೋರ್ಡಿಗೆ ಅಂಟಿಸಿ ಮಕ್ಕಳಿಗೆ ಇದೇ ತರ ಬಿಡಿಸಿ ಹೇಳುದು. ನಾನೂ ಮೊದಲ ಸಲ ಹಾಗೇ ಮಾಡಿದ್ದು. ಐದನೇ ಕ್ಲಾಸು, 32 ಮಕ್ಕಳು. ಪೀರಿಯಡ್ ಮುಗಿಯುವಾಗ ಟೇಬಲ್ ಮೇಲೆ 32 ನೀಲಿ ಸುರುಳಿ, ಹಿಂದೆ ತಿರುಗಿಸಿ ಹೆಸರು ನೋಡದೆ ಯಾವುದು ಯಾರದ್ದು ಅಂತ ಹೇಳ್ಲಿಕ್ಕೇ ಆಗ್ಲಿಲ್ಲ. ಕಿಟಕಿ ಹತ್ತಿರದ ಮೂರು ಮಕ್ಕಳು ಅರ್ಧಕ್ಕೇ ಬಿಟ್ಟು "ಟೀಚರ್, ನಂಗೆ ಡ್ರಾಯಿಂಗ್ ಬರುದಿಲ್ಲ" ಅಂದ್ರು. ಹತ್ತು ವರ್ಷದ ಮಗು ಅದನ್ನು ಅಷ್ಟು ಖಂಡಿತವಾಗಿ ಹೇಳಿದ್ದು ಕೇಳಿ ನಂಗೆ ಆ ರಾತ್ರಿ ನಿದ್ದೆ ಸರಿ ಬರ್ಲಿಲ್ಲ. ಆಮೇಲೆ ಓದಿದ್ದು, ಮಾಡಿ ನೋಡಿದ್ದು ಎಲ್ಲ ಇಲ್ಲಿ ಬರೀತಿದ್ದೇನೆ, ನಿಮ್ಮ ಪ್ರಾಕ್ಟೀಸ್‌ಗೆ ಬೇಕಾದಷ್ಟು ತಗೊಳ್ಳಿ.

ಮೊದಲು ಸ್ವಲ್ಪ ಥಿಯರಿ, ಪರೀಕ್ಷೆಗೂ ಬೇಕು. ಕಲಾಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಮಕ್ಕಳ ಚಿತ್ರದ ಹಂತಗಳನ್ನು ಬರೆದದ್ದು ನಿಮಗೆ ಗೊತ್ತುಂಟು. ಎರಡರಿಂದ ನಾಲ್ಕು ವರ್ಷ ಗೀಚುವ ಕಾಲ, ನಾಲ್ಕರಿಂದ ಏಳು ತಲೆಗೇ ಕೈಕಾಲು ಅಂಟಿಸುವ ಕಾಲ, ಏಳರಿಂದ ಒಂಬತ್ತು ಪ್ರತಿಯೊಂದಕ್ಕೂ ಒಂದು ಸಿದ್ಧ ಗುರುತು ಇರುವ ಕಾಲ, ಅಂದ್ರೆ ಕೆಳಗೆ ಒಂದು ನೆಲದ ಗೆರೆ, ಅದರ ಮೇಲೆ ಎಲ್ಲ ಸಾಲಾಗಿ ನಿಂತಿರ್ತದೆ, ಮನೆ ಗೋಡೆ ಇದ್ರೂ ಒಳಗಿನ ಅಜ್ಜಿ, ಬೆಕ್ಕು, ಒಲೆ ಎಲ್ಲ ಕಾಣ್ತದೆ. ಅದು ತಪ್ಪಲ್ಲ ಮಾರಾಯ್ರೆ, ಅಳಿಸ್ಲಿಕ್ಕೆ ಹೇಳ್ಬೇಡಿ. ಒಂಬತ್ತರ ನಂತರ ಒಂದು ಬದಲಾವಣೆ ಬರ್ತದೆ, ಮಗು ತನ್ನ ಚಿತ್ರವನ್ನು ನಿಜವಾದ ವಸ್ತುವಿನ ಹತ್ತಿರ ಇಟ್ಟು ಹೋಲಿಸ್ಲಿಕ್ಕೆ ಶುರು ಮಾಡ್ತದೆ, ಪಕ್ಕದವನ ಚಿತ್ರಕ್ಕೂ ಹೋಲಿಸ್ತದೆ, "ಬರುದಿಲ್ಲ" ಅನ್ನುವ ಮಾತು ಹುಟ್ಟುದು ಅಲ್ಲಿ. ಸರಿಯಾಗಿ ಅದೇ ವಯಸ್ಸಿಗೆ ನಾವು ಜಗತ್ತಿನ ದೊಡ್ಡ ಕಲಾವಿದನ ಚಿತ್ರ ಎದುರಿಗಿಟ್ಟು ಇದಕ್ಕೆ ಹೋಲಿಸಿ ಬಿಡಿಸು ಅಂತೇವೆ, ಮತ್ತೆ ಮಗು ಪೆನ್ಸಿಲ್ ಕೆಳಗಿಡದೆ ಎಂತ ಮಾಡೀತು.

ಹಾಗಾಗಿ ನಾನು ಹಿಡ್ಕೊಂಡ ದಾರಿ ಇಷ್ಟೇ. ಚಿತ್ರ ಕೊಡ್ಲಿಕ್ಕಿಲ್ಲ, ಆ ಕಲಾವಿದರ ಒಂದು ಪಟ್ಟು ಕೊಡುದು. ಕುಸ್ತಿಯಲ್ಲಿ ಪಟ್ಟು ಅಂತಾರಲ್ಲ, ಆ ಅರ್ಥದಲ್ಲಿ. ಪ್ರತಿ ಕಲಾವಿದರೂ ತಮಗೆ ತಾವೇ ಒಂದು ಕಟ್ಟು, ಅಂದ್ರೆ ಮೀರಬಾರದ ಒಂದು ನಿಯಮ, ಹಾಕ್ಕೊಂಡಿರ್ತಾರೆ, ಒಬ್ಬರು ಗೆರೆ ಕಡಿಯದೆ ಎಳಿತಾರೆ, ಒಬ್ಬರು ಕತ್ತರಿಯಲ್ಲೇ ಬಿಡಿಸ್ತಾರೆ, ಒಬ್ಬರು ಚುಕ್ಕಿ ಬಿಟ್ಟು ಬೇರೇನೂ ಇಡುದಿಲ್ಲ. ಆ ಕಟ್ಟು ಮಾತ್ರ ಮಗುವಿಗೆ ಕೊಟ್ಟು, ಎಂತ ಬಿಡಿಸ್ಬೇಕು ಅನ್ನುದನ್ನು ಮಗುವಿಗೇ ಬಿಡುದು. ಇನ್ನೊಂದು, ಕಲಾವಿದರ ಚಿತ್ರ ತೋರಿಸುದು ಕೊನೆಗೆ. ಮೊದಲೇ ತೋರಿಸಿದ್ರೆ ಅದು ಮಾದರಿ ಆಗಿ ಕೂರ್ತದೆ. ಕೈ ಒಮ್ಮೆ ಆ ಕಷ್ಟ ಪಟ್ಟ ಮೇಲೆ ನೋಡಿದ್ರೆ ಮಕ್ಕಳ ಕಣ್ಣೇ ಬೇರೆ ಇರ್ತದೆ, "ಓ ಇವರೂ ಇಲ್ಲಿ ಕೈ ಎತ್ಲಿಲ್ಲ ಟೀಚರ್" ಅಂತ ಅವರೇ ಹುಡುಕಿ ಹೇಳ್ತಾರೆ.

ಹೆಬ್ಬಾರರ ಗೆರೆ

ನಮ್ಮ ಕರಾವಳಿಯಲ್ಲಿ ಶುರು ಮಾಡುದಾದ್ರೆ ಚಿತ್ರಕಾರ ಕೆ. ಕೆ. ಹೆಬ್ಬಾರರಿಂದ್ಲೇ ಮಾಡ್ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಮತ್ತೆ ಅಲ್ಲೇ ಕಲಿಸಿದವರು, ಪ್ಯಾರಿಸ್‌ಗೂ ಹೋಗಿ ಕಲಿತು ಬಂದವರು, 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ, ತೀರಿಕೊಂಡದ್ದು 1996ರಲ್ಲಿ. ಇದೆಲ್ಲ ಎರಡು ಮಾರ್ಕಿನ ಪ್ರಶ್ನೆಗೆ. ಕ್ಲಾಸಿಗೆ ಬೇಕಾದ್ದು ಬೇರೆ ಒಂದು ಸಂಗತಿ, ಲಯ ಅಂದ್ರೆ ಎಂತ ಅಂತ ತಿಳಿಲಿಕ್ಕೆ ಈ ಚಿತ್ರಕಾರ ಕಥಕ್ ನೃತ್ಯ ಕಲಿತರು. ದೇಹಕ್ಕೆ ತಾಳ ಹತ್ತಿದ್ರೆ ಕೈಗೂ ಹತ್ತುತ್ತದೆ ಅನ್ನುವ ನಂಬಿಕೆ ಅದು. ಅವರ ರೇಖಾಚಿತ್ರದಲ್ಲಿ ನರ್ತಕಿಯ ಇಡೀ ದೇಹ ಕೆಲವೇ ಗೆರೆಯಲ್ಲಿ ತಿರುಗಿ ನಿಂತಿರ್ತದೆ, ಆ ಗೆರೆಗೆ ಹಾಡುವ ಗೆರೆ ಅಂತ ಹೆಸರೇ ಬಿದ್ದದ್ದು.

ನಾನು ಮಾಡಿದ್ದು ಹೀಗೆ. ಬೆಂಚು ಬದಿಗೆ ಸರಿಸಿ ಮೊದಲು ಐದು ನಿಮಿಷ ಮಕ್ಕಳನ್ನು ಕುಣಿಸಿದ್ದು. ಮೊಬೈಲಲ್ಲಿ ಹುಲಿವೇಷದ ತಾಸೆ ವಾದ್ಯದ ಪೆಟ್ಟು ಹಾಕಿದೆ, ಮಂಗಳೂರಲ್ಲಿ ಅದಕ್ಕೆ ಹೆಜ್ಜೆ ಗೊತ್ತಿಲ್ಲದ ಮಗು ಇಲ್ಲ, ನವರಾತ್ರಿ ಬಂದ್ರೆ ಸಾಕು ರಸ್ತೆಯಲ್ಲೇ ಕಲ್ತಿರ್ತಾರೆ. ಆಮೇಲೆ ಎಲ್ಲರ ಎದುರು ಒಂದೊಂದು ಇಡೀ ಪೇಪರ್ ಶೀಟು, ಕೈಯಲ್ಲಿ ಕರಿ ಕ್ರೆಯಾನ್. ಕಟ್ಟು ಒಂದೇ, ತಾಸೆ ನಿಲ್ಲುವವರೆಗೆ ಕ್ರೆಯಾನ್ ಎತ್ಲಿಕ್ಕಿಲ್ಲ. ಪೆಟ್ಟು ಜೋರಾದಲ್ಲಿ ಒತ್ತಿ ಎಳಿಬೇಕು, ಮೆಲ್ಲ ಆದಲ್ಲಿ ಹಗುರ ಬಿಡ್ಬೇಕು. ಇಲ್ಲಿ ಇನ್ನೂ ಚಿತ್ರ ಇಲ್ಲ, ಬರೀ ಗೆರೆ. ಎರಡನೇ ಸುತ್ತಿಗೆ ಒಬ್ಬ ಹುಡುಗ ಮುಂದೆ ಬಂದು ಹುಲಿ ಭಂಗಿಯಲ್ಲಿ ನಿಂತ, ಮೊಣಕಾಲು ಮಡಚಿ, ಎರಡು ಕೈ ಉಗುರು ತೋರಿಸಿ. ಉಳಿದವರಿಗೆ ಒಂದೇ ನಿಮಿಷ, ಒಂದೇ ಗೆರೆ.

ಮೊದಲ ದಿನ "ಬರುದಿಲ್ಲ" ಅಂದಿದ್ದ ಮೂರರಲ್ಲಿ ಒಬ್ಬ ಕಾಲಿನ ಹೆಬ್ಬೆರಳಿಂದ ಶುರು ಮಾಡಿದ. ಗೆರೆ ಮೊಣಕಾಲಿಗೆ ಹತ್ತಿತು, ಬೆನ್ನಿಗೆ ಹೋಯ್ತು, ಬೆನ್ನು ಉದ್ದ ಆಗಿ ಶೀಟು ಸಾಲದೆ ಗೆರೆ ಬೆಂಚಿನ ಮೇಲೆ ಹೋಗಿ ಅಲ್ಲಿಂದ ಸುತ್ತಿ ಪುನಃ ಪೇಪರಿಗೆ ಬಂದು ತಲೆ ಆಯ್ತು. ತಲೆ ಸಣ್ಣದು, ಬೆನ್ನು ಇಡೀ ಶೀಟು. ಆದ್ರೆ ಅದು ಹಾರ್ಲಿಕ್ಕೆ ತಯಾರಾದ ಹುಲಿಯೇ, ಒಂದು ಸಂಶಯ ಇಲ್ಲ. ಒಂದೇ ಗೆರೆಯಲ್ಲಿ ಯಾರಿಗೂ ಹುಬೇಹೂಬು ಬರ್ಲಿಕ್ಕಿಲ್ಲ, ಕ್ಲಾಸಿನ ಒಳ್ಳೆ ಡ್ರಾಯಿಂಗ್‌ನವನಿಗೂ ಬರ್ಲಿಕ್ಕಿಲ್ಲ, ಅದಕ್ಕೇ ಹೆದರಿಕೆ ಹೋಗುದು. ನಂತರ ಹೆಬ್ಬಾರರ ಒಂದು ರೇಖಾಚಿತ್ರ ತೋರಿಸಿದಾಗ ಆ ಹುಡುಗ ಅದರ ಬೆನ್ನಿನ ಗೆರೆಯನ್ನೇ ಬೆರಳಲ್ಲಿ ಗಾಳಿಯಲ್ಲಿ ಎಳಿತಿದ್ದ.

ಗೆರೆಯ ಪಾಠಕ್ಕೆ ಚಿತ್ರಕಾರ ಪಾಲ್ ಕ್ಲೇಯನ್ನೂ ಜೋಡಿಸ್ಬಹುದು, ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ 1921ರಿಂದ 1931ರವರೆಗೆ ಕಲಿಸಿದವರು, ಗೆರೆ ಅಂದ್ರೆ ತನ್ನಷ್ಟಕ್ಕೆ ತಿರುಗಾಡ್ಲಿಕ್ಕೆ ಹೊರಟ ಚುಕ್ಕಿ ಅನ್ನುವ ಕಲ್ಪನೆ ಅವರದ್ದು. ಮೂರನೇ ಕ್ಲಾಸಿಗೆ, ಮನೆಯಿಂದ ಶಾಲೆಗೆ ಬರುವ ದಾರಿಯನ್ನು ಒಂದೇ ಗೆರೆಯಲ್ಲಿ ಎಳಿ ಅಂದ್ರೆ ಸಾಕು, ತೋಡು ದಾಟುವಲ್ಲಿ ಗೆರೆ ಹಾರ್ತದೆ, ನಾಯಿ ಇರುವ ಗೇಟಿನ ಹತ್ತಿರ ಓಡ್ತದೆ.

ಕತ್ತರಿಯಲ್ಲಿ ಚಿತ್ರ

ಹೆನ್ರಿ ಮಾತಿಸ್ ಫ್ರಾನ್ಸಿನ ಚಿತ್ರಕಾರ, 1869ರಿಂದ 1954. 1941ರಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆಗಿ ಮತ್ತೆ ಹೆಚ್ಚು ಹೊತ್ತು ಹಾಸಿಗೆಯಲ್ಲಿ, ಗಾಲಿಕುರ್ಚಿಯಲ್ಲಿ ಕಳೆದದ್ದು. ನಿಂತು ಬಣ್ಣ ಹಚ್ಚುದು ಕಷ್ಟ ಆದಾಗ ಸಹಾಯಕರು ಕಾಗದಕ್ಕೆ ಗಟ್ಟಿ ಬಣ್ಣ ಬಳಿದು ಕೊಡ್ತಿದ್ರು, ಇವರು ಅದನ್ನು ಕತ್ತರಿಸಿ ಗೋಡೆಗೆ ಪಿನ್ ಮಾಡಿಸಿ, ಸರಿ ಕಾಣದಿದ್ರೆ ಜಾಗ ಬದಲಿಸಿ ಪುನಃ ಮಾಡಿಸ್ತಿದ್ರು. 1953ರ ಬಸವನಹುಳು ಚಿತ್ರ ಹೆಚ್ಚುಕಡಿಮೆ ಮೂರು ಮೀಟರ್ ಚೌಕ, ಅಷ್ಟು ದೊಡ್ಡದರಲ್ಲಿ ಇರುದು ಬಣ್ಣದ ಕೆಲವು ತುಂಡು ಮಾತ್ರ, ಸುರುಳಿಯಾಗಿ ಇಟ್ಟದ್ದು. ಮಕ್ಕಳಿಗೆ ಈ ಕಾಯಿಲೆಯ ಕತೆ ಖಂಡಿತ ಹೇಳಿ, ಎಲ್ಲ ಮನೆಯಲ್ಲೂ ಮಲಗಿದ ಅಜ್ಜನೋ ಅಜ್ಜಿಯೋ ಇರ್ತಾರೆ, ಅವರಿಗೆ ಬೇಗ ಅರ್ಥ ಆಗ್ತದೆ.

ಕಟ್ಟು: ಪೆನ್ಸಿಲ್ ಮುಟ್ಲಿಕ್ಕಿಲ್ಲ, ನೇರ ಕತ್ತರಿ. ಕಾಗದಕ್ಕೆ ದುಡ್ಡು ಬೇಡ, ಹಳೆ ಕ್ಯಾಲೆಂಡರ್, ಮದುವೆ ಕಾಗದ, ಸೀರೆ ಅಂಗಡಿಯ ಬಾಕ್ಸು. ಹೆಚ್ಚಿನ ಮಕ್ಕಳು ಕತ್ತರಿಯನ್ನು ತಿರುಗಿಸ್ಲಿಕ್ಕೆ ಹೋಗಿ ಕಾಗದ ಹರಿದ್ರು. ಒಬ್ಬಳು ಮಾತ್ರ ಕತ್ತರಿ ಹಿಡಿದ ಕೈ ಅಲುಗಿಸದೆ ಎಡಗೈಯಲ್ಲಿ ಕಾಗದವನ್ನು ಮೆಲ್ಲ ತಿರುಗಿಸ್ತಾ ಹೋದಳು, ಅಂಚು ನುಣ್ಣಗೆ, ಎಲ್ಲಿಯೂ ತುಂಡಾಗ್ಲಿಲ್ಲ. ಎಲ್ಲಿ ಕಲ್ತದ್ದು ಕೇಳಿದೆ. "ಅಮ್ಮ ಬೀಡಿ ಎಲೆ ಹೀಗೇ ಕತ್ತರಿಸುದು ಟೀಚರ್." ತಡ್ಪೆ, ಅಂದ್ರೆ ಮೊರ, ಮಡಿಲಲ್ಲಿ ಇಟ್ಟು ಕೂತ ಅಮ್ಮನ ಕೈ ನೋಡಿ ನೋಡಿ ಅವಳಿಗೆ ಬಂದದ್ದು. ಅವತ್ತು ಕ್ಲಾಸಿಗೆ ಅವಳೇ ಕಲಿಸಿದ್ದು, ನಾನು ಹಿಂದೆ ನಿಂತೆ. ಅವಳ ಚಿತ್ರದಲ್ಲಿ ಎಲೆಗಳೇ ತುಂಬಿದ್ದು, ಎಲ್ಲ ಬೇರೆ ಬೇರೆ ಕೆಂಪು, ಮಧ್ಯದಲ್ಲಿ ಒಂದು ದೊಡ್ಡ ವೃತ್ತ, ಅದು ತಡ್ಪೆ. ನಮ್ಮ ಜಿಲ್ಲೆಯ ಎಷ್ಟೋ ಮನೆಯಲ್ಲಿ ಇಂತ ಕೈಕೆಲಸ ಉಂಟು, ಬಲೆ ನೇಯುವವರು, ಮಲ್ಲಿಗೆ ಕಟ್ಟುವವರು, ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು, ಮಕ್ಕಳ ಬೆರಳಿಗೆ ಅದು ಆಗಲೇ ಬಂದಿರ್ತದೆ, ನಾವು ಕೇಳುದಿಲ್ಲ ಅಷ್ಟೇ.

ಆಕಾರ ಕತ್ತರಿಸಿ ಹಿಂದೆ ಉಳಿದ ಕಾಗದವನ್ನೂ ಬಿಸಾಡ್ಲಿಕ್ಕೆ ಬಿಡ್ಬೇಡಿ, ಅದನ್ನೂ ಪಕ್ಕದಲ್ಲಿ ಅಂಟಿಸಿದ್ರೆ ಆಕಾರ ಮತ್ತು ಆಕಾರ ಬಿಟ್ಟ ಜಾಗ ಎರಡೂ ಒಟ್ಟಿಗೆ ಕಾಣ್ತದೆ, ಪುಸ್ತಕದಲ್ಲಿ ಋಣಾವಕಾಶ ಅಂತ ಬರೆದದ್ದು ಅದೇ.

ಮಳೆಗಾಲದ ಲೆಕ್ಕ

ವರ್ಷದ ಪ್ಲಾನ್ ಮಾಡುವಾಗ ಯಾರೂ ಹೇಳಿಕೊಡದ ಒಂದು ವಿಷಯ, ಜೂನ್ ಜುಲೈ ಆಗಸ್ಟಲ್ಲಿ ನಮ್ಮಲ್ಲಿ ಪೋಸ್ಟರ್ ಕಲರ್ ಒಣಗುದೇ ಇಲ್ಲ. ಒಂದರ ಮೇಲೆ ಒಂದು ಇಟ್ಟ ಚಿತ್ರ ಅಂಟಿ ಮರುದಿನ ಬೂಸ್ಟು ಹಿಡಿದು ಹರಿದು ಬರ್ತದೆ, ಮಗುವಿನ ಮುಖ ನೋಡ್ಲಿಕ್ಕಾಗುದಿಲ್ಲ. ಗೆರೆ, ಕತ್ತರಿ, ಕ್ರೆಯಾನ್ ಎಲ್ಲ ಮಳೆಗಾಲಕ್ಕೆ ಇಡಿ. ಬಣ್ಣ, ಅಂಟು, ಮಣ್ಣು ಅಕ್ಟೋಬರ್ ನಂತರ. ಪ್ರತಿಭಾ ಕಾರಂಜಿಗೆ ಅಭ್ಯಾಸ ಇದ್ರೆ ಒಂದು ಹಗ್ಗ, ಬಟ್ಟೆ ಕ್ಲಿಪ್ ತಂದು ಜಗಲಿಯಲ್ಲಿ ಕಟ್ಟಿಕೊಳ್ಳಿ.

ಚುಕ್ಕಿ

ಫ್ರಾನ್ಸಿನ ಚಿತ್ರಕಾರ ಜಾರ್ಜ್ ಸೆರಾ 1884ರಿಂದ 1886ರವರೆಗೆ ಒಂದೇ ಚಿತ್ರದ ಹಿಂದೆ ಬಿದ್ದು, ನದಿ ದ್ವೀಪದ ಭಾನುವಾರದ ಚಿತ್ರ ಅದು, ಸುಮಾರು ಎರಡು ಮೀಟರ್ ಎತ್ತರ ಮೂರು ಮೀಟರ್ ಅಗಲ, ಸಣ್ಣ ಸಣ್ಣ ಚುಕ್ಕಿ ಇಟ್ಟು ಮುಗಿಸಿದವರು. ಬಣ್ಣ ತಟ್ಟೆಯಲ್ಲಿ ಬೆರೆಸದೆ ನೋಡುವವರ ಕಣ್ಣಲ್ಲೇ ಬೆರೆಯಲಿ ಅಂತ. ಇಲ್ಲಿ ಒಂದು ತಪ್ಪು ಆಗ್ತದೆ, ನಂಗೂ ಆಗಿದೆ, ಹಳದಿ ನೀಲಿ ಚುಕ್ಕಿ ಇಟ್ರೆ ದೂರದಿಂದ ಹಸಿರು ಕಾಣ್ತದೆ ಅಂತ ಮಕ್ಕಳಿಗೆ ಹೇಳುದು. ತಟ್ಟೆಯಲ್ಲಿ ಬೆರೆಸಿದ್ರೆ ಹಸಿರು ಹೌದು, ಆದ್ರೆ ಚುಕ್ಕಿಯಾಗಿ ಕಣ್ಣಲ್ಲಿ ಬೆರೆಯುವಾಗ ಅದು ಬೂದಿ ಬಣ್ಣದ ಕಡೆಗೆ ಹೋಗ್ತದೆ. ಕೆಂಪು ಹಳದಿ ಕೊಡಿ, ಕಿತ್ತಳೆ ಚಂದ ಬರ್ತದೆ. ಮಕ್ಕಳನ್ನು ಕ್ಲಾಸಿನ ಆ ತುದಿಗೆ ಕಳ್ಸಿ ಹೆಜ್ಜೆ ಎಣಿಸಿ ನೋಡ್ಲಿಕ್ಕೆ ಹೇಳಿ, ಎಷ್ಟನೇ ಹೆಜ್ಜೆಗೆ ಚುಕ್ಕಿ ಮಾಯ ಆಯ್ತು ಬರಿ ಅಂತ. ಚುಕ್ಕಿ ಇಡ್ಲಿಕ್ಕೆ ಹಿಡಿಸೂಡಿ (ಪೊರಕೆ) ಕಡ್ಡಿಯ ದಪ್ಪ ತುದಿ ಸಾಕು. ಯಕ್ಷಗಾನದ ಬಣ್ಣದ ವೇಷಕ್ಕೆ ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುದು ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಕೋಣೆಯಲ್ಲಿ, ಕೂತು ನೋಡಿದ ಮಕ್ಕಳಿದ್ರೆ ಅವರನ್ನು ಮಾತಾಡಿಸಿ. ಆ ಮುಳ್ಳುಮುಳ್ಳು ಸಾಲು ಹತ್ತಿರದಿಂದ ಬೇರೆ, ಗದ್ದೆಯಲ್ಲಿ ಕೂತು ನೋಡುವಾಗ ಬೇರೆ.

ಮಣ್ಣು, ಅರಸಿನ, ಸುಣ್ಣ

ಬಂಗಾಳದ ಚಿತ್ರಕಾರ ಜಾಮಿನಿ ರಾಯ್ ಎಣ್ಣೆಬಣ್ಣ ಬಿಟ್ಟು ಊರಿನ ಮಣ್ಣು, ಎಲೆ, ಮಸಿಯ ಬಣ್ಣಕ್ಕೆ ಬಂದವರು. ಇದನ್ನು ಏಳನೇ ಕ್ಲಾಸಿಗೆ ಮಾಡಿ, ಸೈನ್ಸ್ ಟೀಚರನ್ನೂ ಕರೀರಿ. ಅರಸಿನ ನೀರಲ್ಲಿ ಬಿಳಿ ಕಾಗದಕ್ಕೆ ಬಳಿದು ಒಣಗಿದ ಮೇಲೆ ಸುಣ್ಣದ ತಿಳಿಯಲ್ಲಿ ಅದ್ದಿದ ಕಡ್ಡಿಯಲ್ಲಿ ಬರೆದ್ರೆ ಗೆರೆ ಕೆಂಪಾಗಿ ಏಳ್ತದೆ, ಆರತಿಯ ಕುರ್ದಿ ನೀರು ಕೆಂಪಾಗುದು ಇದೇ ಕಾರಣಕ್ಕೆ, ಲಿಂಬೆ ಹುಳಿ ಮುಟ್ಟಿಸಿದ್ರೆ ಪುನಃ ಹಳದಿ. ಸುಣ್ಣದ ತಿಳಿ ನೀವೇ ಮಾಡಿ ತೆಳುವಾಗಿ ಕೊಡಿ, ಗಟ್ಟಿ ಸುಣ್ಣ ಮಕ್ಕಳ ಕೈಗೆ, ಕಣ್ಣಿಗೆ ಹೋಗ್ಲೇಬಾರದು.

ಕಾವಿ ಕಲೆಯೂ ಹೀಗೇ ಹತ್ತಿರದ್ದು, ಗೋವಾದಿಂದ ನಮ್ಮ ಕರಾವಳಿಯವರೆಗೆ ಹಳೇ ದೇವಸ್ಥಾನದ ಗೋಡೆಯಲ್ಲಿ ಕೆಂಪು ಮಣ್ಣಿನ ಪದರ ಹೆರೆದು ಒಳಗಿನ ಬಿಳಿ ಸುಣ್ಣ ಹೊರಗೆ ತರುದು. ಬಿಳಿ ಆಯಿಲ್ ಪೇಸ್ಟಲ್ ದಪ್ಪ ಹಚ್ಚಿ ಮೇಲೆ ಕಾವಿ ಕೆಂಪು ಹಚ್ಚಿ ಮುಗಿದ ರಿಫಿಲ್‌ನಿಂದ ಹೆರೆದ್ರೆ ಕ್ಲಾಸಲ್ಲಿ ಅದೇ ಪಟ್ಟು.

ಮಂಗಳೂರಿನ ಸೈಂಟ್ ಅಲೋಶಿಯಸ್ ಚಾಪೆಲಿಗೆ ಮಕ್ಕಳನ್ನು ಕರ್ಕೊಂಡು ಹೋಗುವವರಿದ್ರೆ ಒಂದು ಮಾತು. ಇಟಲಿಯ ಅಂತೋನಿಯೋ ಮೊಸ್ಕೇನಿ 1900ರ ಆಸುಪಾಸಿಗೆ ಅಲ್ಲಿ ಬಿಡಿಸಿದ್ದು, ಗೋಡೆಯದ್ದು ಫ್ರೆಸ್ಕೋ, ಅಂದ್ರೆ ಗಾರೆ ಹಸಿ ಇರುವಾಗ್ಲೇ ಬಣ್ಣ ಹಾಕಿ ಮುಗಿಸ್ಬೇಕು. ಗಾರೆ ಒಣಗುವಾಗ ಬಣ್ಣ ಅದರ ಒಳಗೇ ಸಿಕ್ಕಿಕೊಳ್ತದೆ. ನೋಟ್ ಬುಕ್ ಕೊಟ್ಟು ಕಾಪಿ ಮಾಡಿಸ್ಬೇಡಿ, ಗಾರೆ ಒಣಗುವ ಮೊದಲು ಒಬ್ಬರು ಒಂದು ದಿನಕ್ಕೆ ಎಷ್ಟು ಜಾಗ ಬಿಡಿಸಿ ಮುಗಿಸಿರಬಹುದು ಅಂತ ಕೇಳಿ, ಕತ್ತು ಎತ್ತಿ ಲೆಕ್ಕ ಹಾಕ್ತಾ ನಿಲ್ತಾರೆ.

ಮಾರ್ಕಿನ ವಿಷಯ

ಇದು ಕಷ್ಟದ ಜಾಗ. ನಾನು ಹೋಲಿಕೆಗೆ ಮಾರ್ಕು ಕೊಡುದಿಲ್ಲ. ಕಟ್ಟು ಪಾಲಿಸಿದ್ದಾ, ಮಧ್ಯೆ ತಾನೇ ಏನಾದ್ರೂ ನಿರ್ಧಾರ ಮಾಡಿದ್ದಾ, ತನ್ನ ಚಿತ್ರದ ಬಗ್ಗೆ ಎರಡು ಮಾತು ಹೇಳ್ತದಾ, ಇಷ್ಟೇ ನೋಡುದು. "ಇದು ಎಂತದು?" ಅಂತ ಕೇಳಿದ್ರೆ ಗೊತ್ತಾಗ್ಲಿಲ್ಲ ಅಂದ ಹಾಗೆ, ಮಗು ಮುದುಡ್ತದೆ. "ಇದರ ಕತೆ ಹೇಳು" ಅಂದ್ರೆ ಬಾಯಿ ಬಿಡ್ತದೆ, ತುಳುವಲ್ಲಿ ಹೇಳಿದ್ರೂ ಬ್ಯಾರಿಯಲ್ಲಿ ಹೇಳಿದ್ರೂ ಕೇಳಿ. ಮಗು ಹೇಳಿದ್ದನ್ನು ಅದೇ ಮಾತಲ್ಲಿ ಚಿತ್ರದ ಹಿಂದೆ ಪೆನ್ಸಿಲಲ್ಲಿ ಬರೆದು ತಾರೀಕು ಹಾಕಿ. ಮುಂದೆ ಬರೀಬೇಡಿ, ಮುಂದಿನ ಬದಿ ಮಗುವಿನದ್ದು. ಆ ಬೆನ್ನು ಉದ್ದದ ಹುಲಿಯ ಹಿಂದೆ ನಾನು ಬರೆದದ್ದು ಈಗಲೂ ಫೈಲಲ್ಲಿ ಉಂಟು: "ಇದು ಹಾರಿ ಆಗಿದೆ ಟೀಚರ್, ನೀವು ನೋಡುವಾಗ ತಡ ಆಯ್ತು."